ಹಿಂದಕ್ಕೆ ಚಲಿಸುವುದನ್ನು ನಿಷೇಧಿಸಿದವರಿಗೆ

ನಗರದ ಐಸ್ ಸ್ಕೇಟಿಂಗ್ ರಿಂಕಿನ ಮಾನ್ಯ ವ್ಯವಸ್ಥಾಪಕರೇ,

ನಲವತ್ತು ದಾಟಿದವರು ಇನ್ನು ಮುಂದೆ ಪ್ಲಾಸ್ಟಿಕ್ ಪೆಂಗ್ವಿನ್ ತಳ್ಳಿಕೊಂಡೇ ಸ್ಕೇಟಿಂಗ್ ಮಾಡತಕ್ಕದ್ದು ಎಂಬ ತಮ್ಮ ಆದೇಶವನ್ನು ಹಿಂಪಡೆಯಬೇಕೆಂದು ಕೇಳಲು ಈ ಪತ್ರ. ಕಚೇರಿಗೆ ಬಂದು ಕೇಳಿದೆ, ಪ್ರಯೋಜನವಾಗಲಿಲ್ಲ. ಆದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಪೆಂಗ್ವಿನ್ ಎಂದರೇನೆಂದು ಓದುವವರಿಗೆಲ್ಲ ಗೊತ್ತಿರಲಿಕ್ಕಿಲ್ಲ. ಪುಟ್ಟ ಮಕ್ಕಳು ಮೊದಲ ಸಲ ಮಂಜುಗಡ್ಡೆಯ ಮೇಲೆ ನಿಂತಾಗ ಬೀಳದಿರಲಿ ಎಂದು ಕೊಡುವ ಗೊಂಬೆ ಅದು. ನನ್ನ ತೊಡೆಯಷ್ಟು ಎತ್ತರ, ತಲೆಯ ಎರಡೂ ಬದಿಗೆ ಹಿಡಿಕೆ, ಮುಖದಲ್ಲಿ ಸದಾ ನಗು. ಅದನ್ನು ಹಿಡಿಯಬೇಕಾದರೆ ನಾನು ಸೊಂಟ ಬಗ್ಗಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ, ಕತ್ತು ಚಾಚಿಕೊಂಡು ಹೋಗಬೇಕು. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಹಾಗೆ ಬಗ್ಗಿ ಬಗ್ಗಿ ಕೆಟ್ಟ ಬೆನ್ನುಗಳನ್ನು ನೋಡುವುದೇ ನನ್ನ ಕೆಲಸ. ನಮ್ಮ ಸುರಕ್ಷತೆಯ ಹಿತದೃಷ್ಟಿಯಿಂದ ಈ ಕ್ರಮ ಎಂದು ತಾವು ಬರೆದಿದ್ದೀರಿ. ನಮ್ಮ ಬೆನ್ನುಮೂಳೆ ಆ ಹಿತದೃಷ್ಟಿಯೊಳಗೆ ಬರುವುದಿಲ್ಲವೇ?

ನಾನು ತಮ್ಮ ರಿಂಕಿಗೆ ಹೊಸಬಳು. ನಲವತ್ತರ ನಂತರ ಸ್ಕೇಟಿಂಗ್ ಕಲಿತವಳು. ಪದಕದ ಆಸೆಯಿಲ್ಲ, ಯಾವ ಸ್ಪರ್ಧೆಗೂ ಹೋಗುವವಳಲ್ಲ. ಮೊದಲ ದಿನ ಬೂಟು ಹಿಡಿದು ಮನೆಯಿಂದ ಹೊರಟಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಬಿದ್ದರೆ ಏಳೋಕೆ ಬರುತ್ತಾ?"

"ಮೊದಲು ಕಲಿಸೋದೇ ಅದನ್ನ, ಅತ್ತೆ."

"ಹಾಗಾದ್ರೆ ಹೋಗು."

ನಾನು ಕಲಿತ ಹಳೆಯ ರಿಂಕ್ ಹೋದ ವರ್ಷ ಮುಚ್ಚಿತು. ಅಲ್ಲೀಗ ಸೋಫಾ, ಮಂಚಗಳ ಗೋದಾಮು. ಹೀಗಾಗಿ ಎರಡು ಬಸ್ಸು ಬದಲಿಸಿ ತಮ್ಮಲ್ಲಿಗೆ ಬರತೊಡಗಿದೆ. ಹೊಸ ರಿಂಕಿಗೆ ಒಗ್ಗಿಕೊಳ್ಳುವುದು ಹೊಸ ಮನೆಗೆ ಒಗ್ಗಿಕೊಂಡಷ್ಟೇ ಕಷ್ಟ. ಕತ್ತಲಲ್ಲಿ ದೀಪದ ಸ್ವಿಚ್ಚಿಗೆ ತಡಕಾಡಿದ ಹಾಗೆ. ಹಳೆಯ ರಿಂಕಿನಲ್ಲಿ ನಿಂತಲ್ಲೇ ಗಿರಗಿರ ಸುತ್ತಿ ನಿಂತಾಗ ಎದುರಿಗೆ ಗಡಿಯಾರ ಕಂಡರೆ ಸರಿಯಾಗಿ ನಿಂತೆನೆಂದು ಅರ್ಥ. ಇಲ್ಲಿ ಆ ಜಾಗದಲ್ಲಿ ತಂಪು ಪಾನೀಯದ ಜಾಹೀರಾತು. ಅಲ್ಲಿಯ ಮಂಜುಗಡ್ಡೆ ಮೆದು, ಇಲ್ಲಿಯದು ಗಡಸು. ಬ್ಲೇಡಿನ ಸದ್ದು ಕೂಡ ಬೇರೆ. ಮೊದಲು ಬಂದ ಭಾನುವಾರ ಬೂಟಿನ ಲೇಸು ಕಟ್ಟಲು ಬೆಂಚಿನ ಮೇಲೆ ಕುಳಿತರೆ ನನ್ನದೇ ವಯಸ್ಸಿನ ತಾಯಿಯೊಬ್ಬರು, "ಆಂಟಿ, ಇದು ನಮ್ಮ ಮಕ್ಕಳು ಕೂರೋ ಜಾಗ" ಎಂದರು. ಎದ್ದು ಬಾಗಿಲ ಬಳಿ ನಿಂತೇ ಲೇಸು ಕಟ್ಟಿದೆ. ಮೂರು ವಾರ ಯಾರೂ ಮಾತಾಡಿಸಲಿಲ್ಲ.

ಮಾತಾಡಿಸಿದವರು ರಿವರ್ಸ್ ಅಣ್ಣ. ಅರವತ್ತು ದಾಟಿದ ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಬೆಳಗಿನ ದೊಡ್ಡವರ ಅವಧಿಯಲ್ಲಿ ಬರುವ ಬೆರಳೆಣಿಕೆಯ ಜನರಲ್ಲಿ ಅವರೇ ಹಿರಿಯರು. ಭುಜದ ಮೇಲಿಂದ ಹಿಂದೆ ಕಣ್ಣಿಟ್ಟು, ಇಡೀ ರಿಂಕನ್ನು ಹಿಮ್ಮುಖವಾಗಿಯೇ ನೀರಿನ ಹಾಗೆ ಸುತ್ತುತ್ತಿದ್ದರು. ಹೆಸರು ಬಂದದ್ದು ಅದರಿಂದಲೇ. ನಾನು ಗೋಡೆ ಹಿಡಿದು ನಿಂತಿದ್ದನ್ನು ನೋಡಿ ಹತ್ತಿರ ಬಂದರು.

"ಏನಮ್ಮ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀಯಾ?"

"ಇಲ್ಲಿ ಎಲ್ಲ ತಿರುಗುಮುರುಗು ಅನ್ನಿಸುತ್ತೆ, ಅಣ್ಣ. ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗಲ್ಲ."

"ಹೊಸ ರೂಟು. ಒಂದು ವಾರ ನಿಧಾನಕ್ಕೆ ಓಡಿಸು, ಗುಂಡಿ ಎಲ್ಲಿದೆ, ತಿರುವು ಎಲ್ಲಿದೆ ಅಂತ ಕಾಲಿಗೇ ಗೊತ್ತಾಗುತ್ತೆ."

ಇಷ್ಟು ಚೆನ್ನಾಗಿ ಹಿಂದಕ್ಕೆ ಹೋಗುವುದನ್ನು ಯಾಕೆ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. "ಜೀವಮಾನವೆಲ್ಲ ಮುಂದೆ ನೋಡ್ಕೊಂಡು ಓಡಿಸಿದ್ದಾಯ್ತು. ಹಿಂದಕ್ಕೆ ಹೋಗೋದು ಹೇಗಿರುತ್ತೆ ನೋಡೋಣ ಅಂತ," ಎಂದರು. ಅವರ ಜೊತೆ ಸುತ್ತಿ ಸುತ್ತಿ ನನಗೂ ಆ ಜಾಗ ನನ್ನದೆನ್ನಿಸತೊಡಗಿತ್ತು. ಜಾಹೀರಾತಿನ ಬಾಟಲಿಯೇ ನನ್ನ ಗಡಿಯಾರವಾಯಿತು.

ಅಷ್ಟರಲ್ಲಿ ಅವರು ಬಿದ್ದರು. ಹಿಂದಿನ ಸಂಜೆ ತಮ್ಮಲ್ಲಿ ಐಸ್ ಹಾಕಿ ಪಂದ್ಯವಿತ್ತು. ಗೋಲಿನ ಕಂಬ ನಿಲ್ಲಿಸಲು ಮಂಜುಗಡ್ಡೆಯಲ್ಲಿ ರಂಧ್ರ ಕೊರೆಯುತ್ತಾರೆ, ಪಂದ್ಯ ಮುಗಿದ ಮೇಲೆ ಅದಕ್ಕೆ ನೀರು ತುಂಬಿ ಹೆಪ್ಪುಗಟ್ಟಿಸಬೇಕು. ಅಂದು ತುಂಬಿರಲಿಲ್ಲ. ಹಿಮ್ಮುಖವಾಗಿ ಬರುತ್ತಿದ್ದ ಅಣ್ಣನ ಬ್ಲೇಡಿನ ಹಿಂತುದಿ ಆ ರಂಧ್ರಕ್ಕೆ ಸಿಕ್ಕಿದ್ದನ್ನು ನಾಲ್ಕು ಮಾರು ದೂರದಿಂದ ನಾನು ಕಣ್ಣಾರೆ ನೋಡಿದೆ. ಕೈ ಊರಿ ಬಿದ್ದರು. ಮಣಿಕಟ್ಟು ಸೊಟ್ಟಗಾಗಿದ್ದು ನೋಡಿದ ಕೂಡಲೇ ತಿಳಿಯಿತು. ನನ್ನ ಮಫ್ಲರಿನಲ್ಲಿ ಕೈ ಕಟ್ಟಿ, ನಮ್ಮ ಆಸ್ಪತ್ರೆಗೇ ಕರೆದೊಯ್ದೆ. ಎಕ್ಸ್‌ರೇ ನಾನೇ ತೆಗೆದೆ. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಮನುಷ್ಯ ಮೇಜಿನ ಮೇಲೆ ಕೈಯಿಟ್ಟುಕೊಂಡೇ ವಾದ ಶುರು ಮಾಡಿದರು.

"ಮುರಿದಿರೋದು ಕೈ. ಸ್ಕೇಟ್ ಹಾಕೋದು ಕಾಲಿಗೆ. ಅಂದ್ರೆ ತೊಂದರೆ ಇಲ್ಲ ಅಲ್ವಾ?"

"ಲೇಸು ಕಟ್ಟೋಕೆ ಕೈ ಬೇಕಲ್ಲಣ್ಣ."

"ಅದನ್ನ ನೀನು ಕಟ್ಟು."

ಇದಾದ ಮೇಲೆ ತಾವು ಏನು ಮಾಡಬೇಕಿತ್ತು? ಪಂದ್ಯ ಮುಗಿದ ಮೇಲೆ ರಂಧ್ರ ತುಂಬದೆ ಹೋದವರು ಯಾರೆಂದು ವಿಚಾರಿಸಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಯಾರಾದರೂ ಒಂದು ಸುತ್ತು ನಡೆದು ನೋಡಲಿ ಎಂದು ಹೇಳಬೇಕಿತ್ತು. ತಾವು ಮಾಡಿದ್ದೇ ಬೇರೆ. ರಂಧ್ರವನ್ನು ಬಿಟ್ಟು ವಯಸ್ಸನ್ನು ಹಿಡಿದಿರಿ. ವಾರ ಕಳೆಯುವಷ್ಟರಲ್ಲಿ ಬಾಗಿಲಿಗೆ ನೋಟೀಸು ಬಂತು: ನಲವತ್ತು ದಾಟಿದವರು ಆಧಾರ ಸಾಧನ ಬಳಸತಕ್ಕದ್ದು, ಸುತ್ತುವುದು, ಜಿಗಿಯುವುದು, ಹಿಂದಕ್ಕೆ ಚಲಿಸುವುದು ನಿಷಿದ್ಧ, ಬೆಳಗಿನ ದೊಡ್ಡವರ ಅವಧಿ ರದ್ದು, ಆ ಸಮಯ ಮಕ್ಕಳ ತರಬೇತಿಗೆ ಮೀಸಲು. ರಸ್ತೆಯ ಗುಂಡಿಗೆ ಚಕ್ರ ಸಿಕ್ಕಿ ಯಾರೋ ಬಿದ್ದರೆಂದು ಗುಂಡಿ ಮುಚ್ಚುವ ಬದಲು ಹಿರಿಯರ ಸೈಕಲ್ಲುಗಳನ್ನೆಲ್ಲ ಜಪ್ತಿ ಮಾಡಿದಂತಾಯಿತು ಇದು.

ಕಚೇರಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮಧ್ಯಾಹ್ನದವರೆಗೆ ಕಾದೆ. ಕಡೆಗೆ ತಾವು ಹೊರಬಂದಿರಿ. ಒಂದು ಕೈಯಲ್ಲಿ ಕಾರಿನ ಕೀಲಿ, ಇನ್ನೊಂದರಲ್ಲಿ ಫೋನು. ರಂಧ್ರದ ವಿಷಯ ಹೇಳತೊಡಗಿದೆ. ಪೂರ್ತಿ ಕೇಳಲಿಲ್ಲ. "ಈ ವಯಸ್ಸಲ್ಲಿ ಯಾಕೆ ಮೇಡಂ ಇದೆಲ್ಲ? ಆರಾಮಾಗಿ ವಾಕಿಂಗ್ ಮಾಡಿ," ಎಂದು ನಕ್ಕು ಹೊರಟಿರಿ. ತಮಗೆ ಕೋಪವಿರಲಿಲ್ಲ, ಒಪ್ಪುತ್ತೇನೆ. ಸಿಟ್ಟಾಗಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅಂದು ಬಾಯಿಗೆ ಬಾರದ ಉತ್ತರವನ್ನು ಈಗ ಬರೆಯುತ್ತೇನೆ. ಡ್ಯೂಟಿಯ ಉದ್ದಕ್ಕೂ ನಾನು ಜನರಿಗೆ ಹೇಳುವುದು ಎರಡೇ ಮಾತು: ಅಲುಗಾಡಬೇಡಿ, ಉಸಿರು ಹಿಡಿದುಕೊಳ್ಳಿ. ಕಿಟಕಿಯಿಲ್ಲದ ಕೋಣೆ, ಭಾರದ ಬಾಗಿಲು, ಮೈಮೇಲೆ ಸೀಸದ ಕವಚ. ನೋವಿನಿಂದ ಒದ್ದಾಡುವವರಿಗೂ ಅದೇ ಹೇಳುತ್ತೇನೆ, ಹೇಳದೆ ವಿಧಿಯಿಲ್ಲ. ಹಾಗೆ ಹೇಳಿ ಹೇಳಿ ನನ್ನ ಮೈಯೇ ಅಲುಗಾಡುವುದನ್ನು ಮರೆತಿತ್ತು. ಮೊದಲ ಸಲ ಮಂಜುಗಡ್ಡೆಯ ಮೇಲೆ ಒಂದು ಕಾಲಲ್ಲಿ ಜಾರಿದಾಗ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು, ನಾನು ಉಸಿರು ಬಿಟ್ಟೆ. ವಾರಕ್ಕೆರಡು ಬೆಳಗ್ಗೆ ಆ ಉಸಿರು ಸಿಕ್ಕರೆ ಉಳಿದ ದಿನಗಳು ಹೇಗೋ ಸಾಗುತ್ತವೆ. ಇದಕ್ಕೆ ವಯಸ್ಸಿನ ಮಿತಿ ಯಾವ ಲೆಕ್ಕದಲ್ಲಿ ಹಾಕಿದಿರಿ, ಸ್ವಾಮಿ?

ಆದೇಶವನ್ನು ಪಾಲಿಸಿಯೂ ನೋಡಿದೆ. ಒಂದು ಭಾನುವಾರ ಸಾರ್ವಜನಿಕರ ಅವಧಿಯಲ್ಲಿ ಪೆಂಗ್ವಿನ್ ತಳ್ಳಿಕೊಂಡು ಅರ್ಧ ಸುತ್ತು ಹೋದೆ. ಮಗುವೊಂದು ಪಕ್ಕಕ್ಕೆ ಬಂದು ತನ್ನ ಸರದಿ ಯಾವಾಗ ಎಂದು ಕೇಳಿತು. ಈಗಲೇ ಎಂದು ಅದಕ್ಕೆ ಕೊಟ್ಟುಬಿಟ್ಟೆ. ಆಮೇಲೆ ನಡುವೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ನೋಡಿ, ತಿರುಗಿ, ಹಿಮ್ಮುಖವಾಗಿ ಒಂದು ದೊಡ್ಡ ಸುತ್ತು ಹಾಕಿದೆ. ಸೀಟಿ ಊದಿದರು. ನಿಲ್ಲಲಿಲ್ಲ. ಸುತ್ತು ಪೂರ್ತಿ ಮಾಡಿಯೇ ಹೊರಬಂದೆ. ಬಾಗಿಲ ಬಳಿಯ ಕಾವಲಿನ ಹೆಂಗಸು ನನ್ನ ಸದಸ್ಯತ್ವದ ಕಾರ್ಡು ತೆಗೆದುಕೊಂಡರು.

"ಬೇಜಾರು ಮಾಡ್ಕೋಬೇಡಿ ಮೇಡಂ. ಆರ್ಡರ್ ಇದೆ."

"ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ."

ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಆಮೇಲೆ ಮೆಲ್ಲಗೆ, "ಹಿಂದಕ್ಕೆ ಹೋಗುವಾಗ ಭಯ ಆಗಲ್ವಾ?" ಎಂದರು.

"ಆಗುತ್ತೆ."

"ಈ ರಿಂಕ್ ಶುರುವಾದಾಗಿನಿಂದ ನಾನು ಈ ಬಾಗಿಲಲ್ಲೇ ನಿಂತಿದ್ದೀನಿ. ಒಂದು ಸಲನೂ ಒಳಗೆ ಕಾಲಿಟ್ಟಿಲ್ಲ. ಬರೋ ವರ್ಷ ಕಲಿಯೋಣ ಅಂತಿದ್ದೆ. ಈಗ ನನಗೂ ನಲವತ್ತಾಯ್ತು."

ಆಕೆಯ ಮೇಲೆ ಕ್ರಮ ಕೈಗೊಳ್ಳಬೇಡಿ. ಕಾರ್ಡು ಕಸಿದುಕೊಂಡು ಕರ್ತವ್ಯ ಮಾಡಿದ್ದಾರೆ.

ಕೊನೆಯದಾಗಿ ಒಂದು ವಿಷಯ. ತಾವು ಬಹುಶಃ ಆ ಹೊತ್ತಿಗೆ ಕಚೇರಿಗೆ ಬರುವುದಿಲ್ಲ, ಆದ್ದರಿಂದ ಗೊತ್ತಿರಲಾರದು. ನಮ್ಮಿಂದ ಕಿತ್ತು ಮಕ್ಕಳಿಗೆ ಕೊಟ್ಟ ಬೆಳಗಿನ ಅವಧಿಗೆ ಮಕ್ಕಳು ಬರುತ್ತಿಲ್ಲ. ಅದು ಶಾಲೆಯ ಹೊತ್ತು. ಕಳೆದ ಮಂಗಳವಾರ ಡ್ಯೂಟಿಗೆ ಹೋಗುವ ದಾರಿಯಲ್ಲಿ ರಿಂಕಿನ ಬಳಿ ಇಳಿದೆ. ಹೊರಗಿನ ಗಾಜಿಗೆ ಮುಖ ಒತ್ತಿಕೊಂಡು ರಿವರ್ಸ್ ಅಣ್ಣ ನಿಂತಿದ್ದರು, ಕೈಗೆ ಪ್ಲಾಸ್ಟರು, ಹೆಗಲಿಗೆ ಬೂಟಿನ ಚೀಲ. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಮಂಜುಗಡ್ಡೆ ನಯಗೊಳಿಸುವ ಯಂತ್ರ ಆಗತಾನೇ ಹೋಗಿತ್ತು. ಒಂದು ಪಿಳ್ಳೆಯೂ ಇರಲಿಲ್ಲ.

"ಎಷ್ಟು ನುಣುಪಾಗಿದೆ ನೋಡು," ಎಂದರು. "ಒಂದು ಗೀಟಿಲ್ಲ."

ನಾವಿಬ್ಬರೂ ತುಂಬ ಹೊತ್ತು ನೋಡಿದೆವು. ನನಗೆ ಬಸ್ಸು ತಪ್ಪಿತು.

ಮಾನ್ಯರೇ, ಹಾಕಿಯವರು ಹೋದ ಮೇಲೆ ರಂಧ್ರ ತುಂಬಿಸಿ. ನೋಟೀಸನ್ನು ಕಿತ್ತುಹಾಕಿ; ಪರೀಕ್ಷೆ ಬೇಕೆಂದರೆ ನಮ್ಮ ಸ್ಕೇಟಿಂಗನ್ನು ಪರೀಕ್ಷಿಸಿ, ಹುಟ್ಟಿದ ವರ್ಷವನ್ನಲ್ಲ. ಮುಂದಿನ ತಿಂಗಳು ಅಣ್ಣನ ಪ್ಲಾಸ್ಟರು ಬಿಚ್ಚುತ್ತಾರೆ. ಅಷ್ಟರೊಳಗೆ ಮಂಗಳವಾರ ಮತ್ತು ಗುರುವಾರದ ಬೆಳಗನ್ನು ನಮಗೆ ಹಿಂದಿರುಗಿಸಿ. ಯಾರಿಗೂ ಬೇಡದೆ ಬಿದ್ದಿರುವ ಮಂಜುಗಡ್ಡೆಯನ್ನಷ್ಟೇ ನಾವು ಕೇಳುತ್ತಿರುವುದು. ಅದಕ್ಕೂ ಮೀಟಿಂಗ್ ಬೇಕೆಂದಾದರೆ ಆ ಬೆಳಗಿನ ಹೊತ್ತಿಗೇ ಕರೆಯಿರಿ, ಆ ಗಾಜಿನ ಹೊರಗೆ. ನಾವು ಬರುತ್ತೇವೆ.

ಇಂತಿ,
ತಮ್ಮ ಸಲಹೆಯಂತೆ ಸದ್ಯಕ್ಕೆ ವಾಕಿಂಗ್ ಮಾಡುತ್ತಿರುವ,
ಕಾರ್ಡಿಲ್ಲದ ಸದಸ್ಯೆ