ಹಾಲು ಹಾಕಿದವರ ಮತ

ವಾಂಕಾಪುರ, ಖೇಡಾ ಜಿಲ್ಲೆ
೧೪ ಮೇ ೧೯೯೧, ಮಂಗಳವಾರ

ದಕ್ಷಾಳ ಬಾಪುವಿಗೆ ಕಂಕುವಿನ ನಮಸ್ಕಾರಗಳು.

ಭಾನುವಾರ ಡೇರಿಯ ಸಭೆಗೆ ನೀವು ಬರಬೇಡಿ. ಬಿಸಿಲು ವಿಪರೀತ, ಸೂರತ್ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲವಂತೆ. ವಾರವೆಲ್ಲ ವಜ್ರಕ್ಕೆ ಸಾಣೆ ಹಿಡಿಯುತ್ತೀರಿ, ಅದೊಂದು ದಿನವಾದರೂ ಮಲಗಿ.

ಇಷ್ಟನ್ನೇ ಬರೆದುಕೊಂಡು ನಿನ್ನೆ ಅಂಚೆಪೆಟ್ಟಿಗೆಯ ತನಕ ಹೋಗಿದ್ದೆ. ಹಾಕಲು ಮನಸ್ಸಾಗದೆ ವಾಪಸು ತಂದೆ. ಕುಂತರೂ ಅದೇ, ನಿಂತರೂ ಅದೇ ಯೋಚನೆ. ಬೆಳಿಗ್ಗೆ ಎಮ್ಮೆಯ ಕಾಲು ಕಟ್ಟುವುದನ್ನೇ ಮರೆತೆ, ಬಕೆಟ್ ಒದ್ದುಬಿಟ್ಟಿತು. ಇನ್ನು ನಿಜ ಹೇಳಿಬಿಡುತ್ತೇನೆ.

ಡೇರಿಯ ಗೋಡೆಗೆ ಅಂಟಿಸಿದ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ವರ್ಷಕ್ಕೆ ನೂರೆಂಬತ್ತು ದಿನ ಹಾಲು ಹಾಕದ ಸದಸ್ಯರಿಗೆ ಮತವಿಲ್ಲವೆಂಬುದು ನಿಮಗೂ ಗೊತ್ತು. ಕಳೆದ ವರ್ಷದಿಂದ ನಿಮ್ಮ ಸದಸ್ಯ ನಂಬರಿಗೆ ನಾನು ಒಂದು ತೊಟ್ಟೂ ಹಾಕಿಲ್ಲ. ಹತ್ತು ರೂಪಾಯಿಯ ಷೇರು ಕೊಂಡು ನಾನೇ ಸದಸ್ಯಳಾದೆ. ಹಾಲೆಲ್ಲ ನನ್ನ ಹೆಸರಿಗೇ ಹೋಗುತ್ತಿದೆ.

ಕದ್ದುಮುಚ್ಚಿ ಮಾಡಿದ್ದು ತಪ್ಪೇ. ಆದರೆ ಸದಸ್ಯತ್ವ ನನ್ನ ಹೆಸರಿಗೆ ಬರೆದುಕೊಡಿ ಎಂದು ಕೇಳಿದಾಗ ನೀವೇನೆಂದಿರಿ? "ಹಂಗಾದ್ರೆ ಎಮ್ಮೆಗೂ ಒಂದು ನಂಬರ್ ಮಾಡಿಸ್ಬಿಡು!" ಅಂದು ನಕ್ಕಿರಿ. ಹನ್ನೊಂದು ವರ್ಷ ಎರಡು ಹೊತ್ತೂ ಕ್ಯಾನು ಹೊತ್ತವಳು ನಾನು. ನೀವು ಕಳೆದ ಸಭೆಗೆ ಬಂದು, ಮೂಳಜಿಭಾಯಿ ಕೊಡಿಸಿದ ಗಾಂಠಿಯಾ ತಿಂದು, ಅವನು ಹೇಳಿದ್ದಕ್ಕೆ ಕೈಯೆತ್ತಿ ಹೋದಿರಿ. ಎರಡೇ ಮತದ ಅಂತರದಲ್ಲಿ ಡೇರಿ ಕಾಲುವೆಯಾಚೆ ಅವನ ಅಂಗಳಕ್ಕೆ ಹೋಯಿತು. ಅಂದಿನಿಂದ ನಮ್ಮ ಕೇರಿಯ ಹೆಂಗಸರು ದಿನಕ್ಕೆರಡು ಸಲ ಅಷ್ಟು ದೂರ ನಡೆಯುತ್ತಿದ್ದೇವೆ. ಈಗ ಭಾನುವಾರದ ಚುನಾವಣೆಯಲ್ಲಿ ಅವನಿಗೆ ಅಧ್ಯಕ್ಷನಾಗುವ ಆಸೆ. ಅವನಿಗೆ ಇಪ್ಪತ್ತು ಎಮ್ಮೆಯಿದ್ದರೇನು, ಮತ ಒಂದೇ. ಒಂದೆಮ್ಮೆಯ ರೇವಾಬೆನ್‌ಗೂ ಒಂದೇ.

"ಗಂಡನ ಹೆಸ್ರು ಹೋಯ್ತಲ್ಲೇ, ಈಗ ತಣ್ಣಗಾಯ್ತಾ ಹೊಟ್ಟೆ?" ಎಂದು ಅತ್ತೆ ನಿನ್ನೆಯಿಂದ ಚುಚ್ಚುತ್ತಿದ್ದಾರೆ. ತಣ್ಣಗಾಗಿಲ್ಲ. ಖುಷಿಯೂ ಇದೆ, ಸಂಕಟವೂ ಇದೆ. ನಿಮ್ಮ ಮೇಲೆ ಕೋಪ ಬೇಕಾದಷ್ಟಿದೆ. ಆದರೂ ಊರವರೆದುರು ನಿಮ್ಮನ್ನು ಬಾಗಿಲಲ್ಲೇ ತಡೆದು, ಮೂಳಜಿಯ ಕಡೆಯವರು ಹಲ್ಲು ಕಿಸಿದರೆ ನಾನು ತಡೆದುಕೊಳ್ಳಲಾರೆ. ಅದಕ್ಕೇ ಬರಬೇಡಿ ಅಂದದ್ದು.

ದಕ್ಷಾ ಚೆನ್ನಾಗಿದ್ದಾಳೆ. ಪಟ್ಟಿಯಲ್ಲಿ ನನ್ನ ಹೆಸರನ್ನು ನನಗಿಂತ ಮೊದಲು ಕಂಡು ಓದಿ ಹೇಳಿದವಳು ಅವಳೇ.

ಬೈದಾದರೂ ನಾಲ್ಕು ಸಾಲು ಬರೆಯಿರಿ.

ನಿಮ್ಮ
ಕಂಕು

ತಾ.ಕ.: ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಮೂಳಜಿಭಾಯಿಯ ಎದುರು ನಿಂತಿರುವವಳು ನಾನೇ. ಎಣಿಕೆ ಮುಗಿಯುವಷ್ಟರಲ್ಲಿ ಸಂಜೆಯ ಹಾಲಿನ ಹೊತ್ತು ಮೀರುತ್ತದೆ, ಅತ್ತೆಯ ಕೈಲಿ ಕರೆಯಲಾಗುವುದಿಲ್ಲ. ಬರಬೇಡಿ ಅಂದದ್ದು ಸಭೆಗೆ. ಮನೆಗೆ ಬನ್ನಿ. ಎರಡೂ ಎಮ್ಮೆ ಕರೆದು, ಕ್ಯಾನು ಹೊತ್ತು ಕಾಲುವೆ ದಾಟಿ, ನನ್ನ ನಂಬರಿಗೆ ಹಾಕಿ.