ಕೊನೆಯ ಸಬ್‌ಟೈಟಲ್ ನಿಂತ ಮೇಲೆ

ಅಕುರೇರಿ, ಐಸ್‌ಲ್ಯಾಂಡ್
ಇಸವಿ ೨೦೯೬, ಸೂರ್ಯ ಮರಳಿ ಕಾಣಿಸಿದ ವಾರ

ಬೆಂಗಳೂರಿನ ದ್ವೀಪವಾಣಿ ಮೀಡಿಯಾ ಸಂಸ್ಥೆಯವರಿಗೆ,

೨೦೩೮ರಲ್ಲಿ ನೀವು ಸಿನಿಮಾ, ಧಾರಾವಾಹಿಗಳ ಸಬ್‌ಟೈಟಲ್‌ಗಳನ್ನು ಇಂಗ್ಲಿಷಿನಿಂದ ಐಸ್‌ಲ್ಯಾಂಡಿಕ್‌ಗೆ ಅನುವಾದ ಮಾಡುವವರನ್ನು ಹುಡುಕುವುದನ್ನೇ ನಿಲ್ಲಿಸಿದಿರಿ. ಈ ಪತ್ರ ಕಾಲದಲ್ಲಿ ಹಿಂದಕ್ಕೆ ಬರುತ್ತಿದೆ, ಹಾಗಾಗಿ ನಿಮಗದು ಇನ್ನೂ ಮುಂದಿನ ಮಾತು. ನನಗೆ ಹಳೆಯ ಗಾಯ. ಅಲ್ಲಿಯವರಿಗೆಲ್ಲ ಇಂಗ್ಲಿಷ್ ಬರುತ್ತದೆ, ಸಬ್‌ಟೈಟಲ್ ಯಾರು ಓದುತ್ತಾರೆ ಎಂದಿರಿ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಮಾತಾಡಲು ಇಲ್ಲಿ ನನಗೆ ಯಾರೂ ಉಳಿದಿಲ್ಲ.

ಓದುತ್ತಿದ್ದವರು ನಾವು. ಹುಬ್ಬಳ್ಳಿಯಿಂದ ಬಂದು ಮೀನಿನ ಕಾರ್ಖಾನೆ ಸೇರಿದ ನನ್ನ ಅವ್ವ ಈ ಊರಿನ ಭಾಷೆ ಕಲಿತದ್ದು ಇಂಗ್ಲಿಷ್ ಧಾರಾವಾಹಿಗಳ ಕೆಳಗೆ ಬರುತ್ತಿದ್ದ ಸಾಲುಗಳಿಂದ. "ಅಡಿಗಿ ಸೀದ್ರೂ ಚಿಂತಿಲ್ಲ, ನಿನಗ ಆ ಸಾಲು ತಪ್ಪಬಾರ್ದು" ಎಂದು ಅಪ್ಪ ಕಿಚಾಯಿಸುತ್ತಿದ್ದರು. "ನೀವು ಅಂಗಡ್ಯಾಗ ಕೈಸನ್ನಿ ಮಾಡಿ ಉಪ್ಪು ಕೇಳ್ರಿ, ನಾ ಬಾಯಿ ಬಿಟ್ಟು ಕೇಳ್ತೀನಿ" ಎನ್ನುತ್ತಿದ್ದಳು ಅವ್ವ. ಅವಳ ಪಕ್ಕದಲ್ಲಿ ಕೂತು ನಾನೂ ಕಲಿತೆ.

ಆ ಸಾಲುಗಳಲ್ಲಿ ಎಷ್ಟೋ ಬರೆದವಳು ಸೋಲ್ವೇಗ್. ತೊಂಬತ್ತು ದಾಟಿದ ಅವಳೀಗ ನನ್ನ ಪಕ್ಕದ ಮನೆಯವಳು. ಗಣಕಯಂತ್ರ ಬಂದಾಗ 'ಸಂಖ್ಯೆ', 'ಕಣಿ ಹೇಳುವ ಹೆಂಗಸು' ಎಂಬ ತಮ್ಮ ಎರಡು ಹಳೆಯ ಪದ ಕೂಡಿಸಿ ಅದಕ್ಕೆ ಹೆಸರು ಕಟ್ಟಿದ ಜನ ಈ ಐಸ್‌ಲ್ಯಾಂಡಿನವರು. ಯಾವುದಾದರೂ ಸಿನಿಮಾದಲ್ಲಿ ಹೊಸ ವಸ್ತು ಕಂಡರೆ ಸಾಕು, ಅನುವಾದಕರೆಲ್ಲ ಬೇಕರಿಯಲ್ಲಿ ಸೇರಿ ಅದಕ್ಕೊಂದು ಸ್ವಂತ ಪದ ಸಿಗುವವರೆಗೆ ಜಗಳವಾಡುತ್ತಿದ್ದರಂತೆ. ನೀವು ಕೆಲಸ ನಿಲ್ಲಿಸಿದಿರಿ, ಜಗಳ ನಿಂತಿತು. ಆಮೇಲೆ ಬಂದ ಯಾವ ವಸ್ತುವಿಗೂ ಇಲ್ಲಿ ಹೆಸರಿಲ್ಲ. ಮಕ್ಕಳ ಚಿತ್ರಗಳು ಇಂಗ್ಲಿಷಿನಲ್ಲೇ ಬಂದವು, ಮಕ್ಕಳೂ ಇಂಗ್ಲಿಷಿನಲ್ಲೇ ಬೆಳೆದರು.

ಈಗ ಎಲ್ಲರ ಕಿವಿಯಲ್ಲೂ ಒಂದು ಪುಟ್ಟ ಯಂತ್ರ. ಯಾರು ಏನೇ ಆಡಲಿ, ಅದು ಇಂಗ್ಲಿಷಿನಲ್ಲಿ ಕೇಳಿಸುತ್ತದೆ, ಅದೂ ಯಾರದೋ ದನಿಯಲ್ಲಿ. ನಾನದನ್ನು ಕಿವಿಮಣಿ ಎನ್ನುತ್ತೇನೆ. ನಿನ್ನ ಭಾಷೆಯಲ್ಲೂ ಒಂದು ಹೆಸರು ಕಟ್ಟು ಎಂದರೆ ಸೋಲ್ವೇಗ್ ಒಪ್ಪಲಿಲ್ಲ. "ಹೆಸರಿಟ್ರೆ ಅದು ಮನೆಯವರಲ್ಲೊಬ್ಬ ಆಗಿಬಿಡುತ್ತೆ ನೀಲಾ. ಹೊರಗೇ ನಿಂತಿರಲಿ."

ಅವಳಿಗಿರುವುದು ಒಂದೇ ಆಸೆ: ಮರಿಮಗಳು ಬಿರ್ತಾ ತನ್ನ ಮಾತನ್ನು ತನ್ನ ದನಿಯಲ್ಲೇ ಕೇಳಬೇಕು. ಮೊನ್ನೆ ನಾನೇ ಮಗುವಿನ ಕಿವಿಮಣಿ ತೆಗೆದೆ. ಸೋಲ್ವೇಗ್ ಅವಳ ಗಲ್ಲ ಹಿಡಿದು ಐಸ್‌ಲ್ಯಾಂಡಿಕ್‌ನಲ್ಲಿ, ಹೊರಗೆ ಚಳಿಯಿತ್ತಾ, ಏನಾದರೂ ತಿಂದೆಯಾ ಎಂದು ಕೇಳಿದಳು. ಬಿರ್ತಾ ಕಣ್ಣರಳಿಸಿ ನನ್ನತ್ತ ತಿರುಗಿ, "ಮುತ್ತಜ್ಜಿ ಹಾಡು ಹೇಳ್ತಿದ್ದಾಳಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಸೋಲ್ವೇಗ್ ಹೌದೆಂದು ತಲೆಯಾಡಿಸಿದಳು. ಅಂದಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಸಂಜೆ ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಈ ಬೀದಿಯಲ್ಲಿ ಆ ಭಾಷೆ ಆಡುವವರು ನಾವಿಬ್ಬರೇ. ನಾಳೆ ಎಷ್ಟು ಜನವೋ ಗೊತ್ತಿಲ್ಲ.

ನಿಮ್ಮ ಬಳಿ ಇನ್ನೂ ಕಾಲವಿದೆ. ಯಾರೂ ಓದುವುದಿಲ್ಲ ಎಂದು ತೀರ್ಮಾನಿಸುವ ಮುನ್ನ ನೀವು ಯಾರನ್ನು ಕೇಳಿದಿರಿ? ನನ್ನ ಅವ್ವನನ್ನಂತೂ ಕೇಳಲಿಲ್ಲ. ಉತ್ತರ ನನಗೆ ಗುಟ್ಟಾಗಿ ಬೇಡ. ನಿಮ್ಮೂರಿನ ಪತ್ರಿಕೆಗಳಲ್ಲಿ, ತೀರ್ಮಾನಿಸಿದವರ ಹೆಸರಿನೊಂದಿಗೆ, ಎಲ್ಲರೂ ಓದುವಂತೆ ಅಚ್ಚು ಹಾಕಿಸಿ.

ನೀಲಾಂಬಿಕಾ ಸವದತ್ತಿ