ಲೈನಿನಲ್ಲೇ ಇರಿ

ಪ್ರೀತಿಯ ಅತ್ತೆ,

ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೊಗಳುವುದು ನಮ್ಮ ಮನೆಯಲ್ಲಿ ಯಾರಿಂದಲೂ ಆಗದ ಕೆಲಸ. ನಾನು ಬಾಯಿ ತೆರೆದರೆ ಸಾಕು, "ಒಲೆ ಮೇಲೆ ಹಾಲಿದೆ, ನೋಡ್ಹೋಗು" ಎಂದು ಎಬ್ಬಿಸಿ ಕಳಿಸುತ್ತೀರಿ. ಹೋಗಿ ನೋಡಿದರೆ ಹಾಲೂ ಇರುವುದಿಲ್ಲ, ಒಲೆಯೂ ಉರಿಯುತ್ತಿರುವುದಿಲ್ಲ. ಅದಕ್ಕೇ ನಾನು ಕೆಲಸ ಮಾಡುವ ಡೆಂಟಲ್ ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೇಜಿನ ಮೇಲೆ ಯಾರದೋ ಹಲ್ಲಿನ ಸೆಟ್ಟಿನ ಅಚ್ಚು ಒಣಗುತ್ತಿದೆ. ಅದು ಗಟ್ಟಿಯಾಗುವವರೆಗೆ ನನಗೆ ಬಿಡುವು. ಇಲ್ಲಿ ನನ್ನನ್ನು ಹಾಲು ನೋಡಲು ಕಳಿಸುವವರು ಯಾರೂ ಇಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ನಿಮ್ಮನ್ನು ಕಂಡರೆ ಸ್ವಲ್ಪ ಭಯವೇ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ನೀವು. ಅರ್ಧ ಊರಿನ ನಂಬರುಗಳು ನಿಮ್ಮ ಬಾಯಲ್ಲೇ ಇದ್ದವು. ಬಟ್ಟೆ ಒಣಹಾಕುತ್ತಾ ನೀವು ಅವನ್ನು ಹಾಡಿನ ಹಾಗೆ ಗುನುಗುತ್ತಿದ್ದಿರಿ. ಅಗ್ನಿಶಾಮಕ ಠಾಣೆ, ಐಸ್ ಫ್ಯಾಕ್ಟರಿ, ಹೆರಿಗೆ ಆಸ್ಪತ್ರೆ, ಎಲ್ಲ ಒಂದೇ ರಾಗದಲ್ಲಿ. ಮಾವ ಪೇಪರಿನ ಹಿಂದಿನಿಂದ, "ನನ್ನ ಆಫೀಸಿನ ನಂಬರು ಮಾತ್ರ ಇವಳಿಗೆ ಬಾಯಿಗೆ ಬರಲ್ಲ ನೋಡಮ್ಮ" ಎಂದು ದೂರು ಹೇಳುತ್ತಿದ್ದರು. "ಮನೇಲೇ ಇಷ್ಟು ಮಾತಾಡ್ತೀರಿ, ಆಫೀಸಿಗೆ ಬೇರೆ ಯಾಕೆ ಮಾಡಲಿ?" ಎನ್ನುತ್ತಿದ್ದಿರಿ ನೀವು.

ಮಾವ ಹೋದ ಮೇಲೆ ಆ ಜಗಳ ನಿಂತಿತು. ಅದರ ಜೊತೆಗೆ ನಿಮ್ಮ ಮಾತೂ ಕಡಿಮೆಯಾಗುತ್ತಾ ಬಂತು. ಟಿವಿಯ ಮುಂದೆ ಕೂತರೆ ಮಧ್ಯಾಹ್ನ ಸಂಜೆಯಾಗುವುದು ನಿಮಗೆ ಗೊತ್ತಾಗುತ್ತಿರಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಿರಿ. ಪಕ್ಕದ ಮನೆಯಾಕೆಯನ್ನು ಅವಳ ಅಕ್ಕನ ಹೆಸರಿಂದ ಕರೆದಿರಿ. ವಯಸ್ಸಾಯಿತು, ಇರಲಿ ಎಂದು ನಾವು ತಳ್ಳಿಹಾಕಿದೆವು. ಹಾಗೆ ತಳ್ಳಿಹಾಕಲು ಆಗದಂತೆ ಮಾಡಿದ್ದು ಚಪ್ಪಲಿ ಅಂಗಡಿಯಿಂದ ಬಂದ ಫೋನು.

ನಿಮ್ಮ ಹಳೆಯ ಎಕ್ಸ್‌ಚೇಂಜ್ ಕಟ್ಟಡ ಈಗ ಚಪ್ಪಲಿ ಅಂಗಡಿಯಾಗಿದೆ. ನೀವು ಅಲ್ಲಿಗೆ ಹೋಗಿ, ಕಾಲಿನ ಅಳತೆ ನೋಡುವ ಸ್ಟೂಲಿನ ಮೇಲೆ ಕೂತು, ಸೇಲ್ಸ್ ಹುಡುಗಿಯನ್ನು, "ಶಿಫ್ಟ್ ಶುರುವಾಗೋ ಹೊತ್ತಾಯ್ತು, ನನ್ನ ಹೆಡ್‌ಫೋನ್ ಎಲ್ಲಿ?" ಎಂದು ಕೇಳಿದ್ದಿರಿ. ಆ ಹುಡುಗಿ ಒಳ್ಳೆಯವಳು, ನಗಲಿಲ್ಲ. ನಿಮ್ಮ ಚೀಲದಲ್ಲಿದ್ದ ನನ್ನ ಲ್ಯಾಬಿನ ಕಾರ್ಡು ನೋಡಿ ನನಗೆ ಫೋನ್ ಮಾಡಿದಳು. ನಾನು ಓಡಿಬರುವಷ್ಟರಲ್ಲಿ ನಿಮಗೆ ಎಲ್ಲ ತಿಳಿಯಾಗಿತ್ತು. ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಅವನಿಗೆ ಹೇಳ್ಬೇಡ ಕಣೇ" ಎಂದಿರಿ. ನಾನು ನಿಮ್ಮ ಕೈ ಹಿಡಿದುಕೊಂಡೆ. ಆದರೆ ನಿಮ್ಮ ಮಗನಿಗೆ ಹೇಳದೆ ಇರಲಿಲ್ಲ, ಹೇಳಲೇಬೇಕಿತ್ತು.

ನಿಮ್ಮ ಮಗ ಲಿಫ್ಟ್ ಮೆಕ್ಯಾನಿಕ್ಕು. ಯಾವುದಾದರೂ ಲಿಫ್ಟಿನ ಸದ್ದು ಸ್ವಲ್ಪ ಬದಲಾದರೂ ಮೊದಲು ಕರೆಂಟು ತೆಗೆದು, ಬಾಗಿಲಿಗೆ ಬೋರ್ಡು ಹಾಕಿ, ಆಮೇಲೆ ಯೋಚನೆ ಮಾಡುವವರು. ನಿಮಗೂ ಅದನ್ನೇ ಮಾಡಿದರು. ಮುಂಬಾಗಿಲಿನ ಕೀ ತೆಗೆದಿಟ್ಟುಕೊಂಡರು. "ಒಬ್ಬಳೇ ಎಲ್ಲೂ ಹೋಗೋದು ಬೇಡಮ್ಮ. ಅಡುಗೆನೂ ಬೇಡ. ಆರಾಮಾಗಿ ಕೂತಿರು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಹೇಳುತ್ತಲೇ ಆ ಕೀಯನ್ನು ಜೇಬಿನಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನೀವು, "ನಾನು ಲಿಫ್ಟಲ್ಲ ಕಣೋ" ಎಂದಿರಿ. ಅಷ್ಟೇ. ಆ ಒಂದು ಮಾತಿನಲ್ಲಿ ನನಗೆ ಹಳೆಯ ಅತ್ತೆ ಕಂಡರು. ಮರುದಿನವೇ ಡಾಕ್ಟರ ಹತ್ತಿರ ಹೋಗೋಣ ಎಂದು ಹಟ ಹಿಡಿದೆ.

ಆ ಡಾಕ್ಟರಮ್ಮ ನಿಮಗೆ ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಿಮಗೆ ಅರ್ಧಕ್ಕರ್ಧ ಬರಲಿಲ್ಲ. ಗಡಿಯಾರ ಬರೆಯಿರಿ ಎಂದಾಗ ಮುಳ್ಳುಗಳು ಎಲ್ಲೆಲ್ಲೋ ಹೋದವು. ಆಮೇಲೆ ಅವರು ನಿಮ್ಮ ಬೆನ್ನ ಹಿಂದೆ ಬಂದು ಮೆಲ್ಲಗೆ ನಿಮ್ಮ ಹೆಸರು ಕರೆದರು. ನೀವು ತಿರುಗಲಿಲ್ಲ. ಮತ್ತೆ ಕರೆದರು. ನೀವು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಿರಿ. "ಇವರು ಮರೆತದ್ದರಲ್ಲಿ ಒಂದಿಷ್ಟು ಇವರಿಗೆ ಕೇಳಿಸಿಯೇ ಇಲ್ಲ" ಎಂದರು ಡಾಕ್ಟರು. ರಕ್ತದೊತ್ತಡ ಏರಿತ್ತು. ನಿದ್ದೆ ಚೂರುಚೂರಾಗಿತ್ತು. ದಿನಕ್ಕೆ ಎಷ್ಟು ಜನರ ಜೊತೆ ಮಾತಾಡ್ತೀರಿ ಎಂದು ಕೇಳಿದರೆ ನೀವು ನನ್ನ ಕಡೆ ಬೆರಳು ತೋರಿಸಿದಿರಿ.

"ಮೆದುಳಿನಲ್ಲಿ ಸ್ವಲ್ಪ ಸವೆತ ಆಗಿದೆ, ಇಲ್ಲ ಅನ್ನಲ್ಲ. ಅದು ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡೋಕೂ ಆಗಲ್ಲ. ಆದ್ರೆ ಸರಿ ಮಾಡಬಹುದಾದ್ದು ತುಂಬ ಇದೆ" ಎಂದರು ಡಾಕ್ಟರು. ಜೊತೆಗೆ ಬಂದಿದ್ದ ನಿಮ್ಮ ಮಗ, "ಮಾತ್ರೆ ಕೊಡ್ತೀರಾ?" ಎಂದು ಕೇಳಿದರು. "ಬಿಪಿಗೆ ಕೊಡ್ತೀನಿ. ಮಿಕ್ಕದ್ದಕ್ಕೆ ಕಿವಿ ಬೇಕು, ಕಾಲು ಬೇಕು, ಜನ ಬೇಕು, ನಿದ್ದೆ ಬೇಕು. ಇದ್ಯಾವುದೂ ಮೆಡಿಕಲ್ ಶಾಪಲ್ಲಿ ಸಿಗಲ್ಲ."

ಕಿವಿಗೆ ಯಂತ್ರ ಎಂದಾಗ ನೀವು ಮಾಡಿದ ರಂಪ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಕೆಲಸ ಮಾಡೋವಾಗೆಲ್ಲಾ ಕಿವಿಗೆ ಯಂತ್ರ ಹಾಕ್ಕೊಂಡೇ ಇದ್ದೆ. ರಿಟೈರಾದ ಮೇಲೂ ಬಿಡಲ್ವಾ?" ಕೊನೆಗೆ ಹಾಕಿಕೊಂಡಿರಿ. ಮೊದಲ ದಿನ ಮನೆಯೆಲ್ಲ ಸುತ್ತಿ ಸದ್ದು ಹುಡುಕಿದಿರಿ. ಫ್ರಿಜ್ ಗೊಣಗುತ್ತದೆ, ನನ್ನ ಚಪ್ಪಲಿ ಕಿರುಗುಟ್ಟುತ್ತದೆ, ಕಿಟಕಿಯಾಚೆ ಒಂದು ಹಕ್ಕಿ ಇದೆ ಎಂದೆಲ್ಲ ವರದಿ ಕೊಟ್ಟಿರಿ. ಊಟಕ್ಕೆ ಕೂತಾಗ ಮಗನನ್ನು ದಿಟ್ಟಿಸಿ ನೋಡಿ, "ಇವನು ಇಷ್ಟು ಸದ್ದು ಮಾಡ್ಕೊಂಡು ತಿಂತಾನಾ? ಹೇಗೆ ಸಹಿಸ್ಕೊಂಡಿದ್ದೀಯೇ?" ಎಂದಿರಿ. ಎಷ್ಟೋ ತಿಂಗಳ ಮೇಲೆ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅಂದು.

ಆಮೇಲೆ ನಡಿಗೆ ಶುರುವಾಯಿತು. ಮೊದಮೊದಲು ಬೀದಿಯ ಕೊನೆಯ ಬೇಕರಿ ಬರುವಷ್ಟರಲ್ಲೇ ನಿಮಗೆ ಏದುಸಿರು. ಅಲ್ಲಿನ ಕಟ್ಟೆಯ ಮೇಲೆ ಕೂತು ನನ್ನನ್ನು, ಡಾಕ್ಟರನ್ನು, ಕಾಲನ್ನು ಸರದಿಯ ಮೇಲೆ ಬೈಯುತ್ತಿದ್ದಿರಿ. ತಿಂಗಳು ಕಳೆಯುವಷ್ಟರಲ್ಲಿ ನಾನು ಹಿಂದೆ, ನೀವು ಮುಂದೆ. ಹೋದ ದಾರಿಯಲ್ಲೇ ಹೋಗಲು ನಿಮಗೆ ಬೇಜಾರು. "ಇವತ್ತು ಈ ಗಲ್ಲಿ ಎಲ್ಲಿಗೆ ಹೋಗುತ್ತೆ ನೋಡೋಣ" ಎಂದು ತಿರುಗಿಬಿಡುತ್ತಿದ್ದಿರಿ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದಿರಿ. ಒಂದು ಬೆಳಿಗ್ಗೆ ಪೇಂಟರೊಬ್ಬರ ಏಣಿಯ ಕೆಳಗೆ ನಿಂತು, ಬಣ್ಣ ಬೆರೆಸುವುದು ಹೇಗೆಂದು ಕೇಳಿ ತಿಳಿದುಕೊಂಡಿರಿ. ನನಗೆ ಕೆಲಸಕ್ಕೆ ತಡವಾಯಿತು. ಊಟದಲ್ಲಿ ಉಪ್ಪು ಕಮ್ಮಿಯಾಗಿ ಸೊಪ್ಪು, ಕಾಳು ಜಾಸ್ತಿಯಾದಾಗ, "ನನ್ನನ್ನ ಮೇಕೆ ಮಾಡ್ಬಿಟ್ಟೆ" ಎಂದು ಗೊಣಗುತ್ತಲೇ ತಟ್ಟೆ ಖಾಲಿ ಮಾಡಿದಿರಿ. ಟಿವಿ ನೋಡುತ್ತಾ ಅಲ್ಲೇ ಕಣ್ಣು ಮುಚ್ಚುವುದನ್ನು ಬಿಟ್ಟು, ಹೊತ್ತಿಗೆ ಸರಿಯಾಗಿ ಹಾಸಿಗೆಗೆ ಹೋಗಿ ಮಲಗುವುದನ್ನು ಕಲಿತಿರಿ. ಅದೇ ಎಲ್ಲಕ್ಕಿಂತ ಕಷ್ಟವಾಯಿತು ಎಂದು ನನಗೆ ಗೊತ್ತು. ಹಾಸಿಗೆಯ ಇನ್ನೊಂದು ಮಗ್ಗುಲು ಖಾಲಿ ಇತ್ತಲ್ಲ.

ಪದಬಂಧ ಬಿಡಿಸಿದರೆ ಮೆದುಳಿಗೆ ಒಳ್ಳೆಯದು ಎಂದು ಇವರು ಪುಸ್ತಕ ತಂದುಕೊಟ್ಟರು. ನೀವು ಒಂದು ಪುಟ ನೋಡಿ ಮುಚ್ಚಿಟ್ಟಿರಿ. "ಖಾಲಿ ಚೌಕ ತುಂಬೋಕೆ ನನಗೇನು ಬಂದಿದೆ? ಮನುಷ್ಯರು ಬೇಕು ಕಣೋ, ಮನುಷ್ಯರು." ಆ ಹೊತ್ತಿಗೆ ಸರಿಯಾಗಿ ನಮ್ಮ ಲೈಬ್ರರಿಯಲ್ಲಿ ಒಂದು ಸೇವೆ ಶುರುವಾಗಿತ್ತು. ಒಂಟಿಯಾಗಿರುವ ಹಿರಿಯರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುವುದು. ಫೋನ್ ಮಾಡಲು ಜನ ಬೇಕಾಗಿದ್ದರು. ಊಟದ ಹೊತ್ತಿನಲ್ಲಿ ನೀವು ನಾನೂ ಸೇರುತ್ತೇನೆ ಎಂದ ತಕ್ಷಣ ಇವರು ತಟ್ಟೆ ಸರಿಸಿ ಎದ್ದರು. "ಅಮ್ಮ, ಅದು ಇನ್ನೊಬ್ಬರ ಜೀವದ ವಿಷಯ. ನೀನು ಏನಾದ್ರೂ ಮರೆತ್ರೆ?"

ನೀವು ಜಗಳವಾಡಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ನೇರ ಲೈಬ್ರರಿಯನ್ ಹುಡುಗಿಯ ಮುಂದೆ ಹೋಗಿ ನಿಂತಿರಿ. "ನನಗೆ ಮರೆವು ಇದೆ. ಮುಚ್ಚಿಟ್ಟು ಸೇರಲ್ಲ. ಆದ್ರೆ ಫೋನಲ್ಲಿ ಮಾತಾಡೋಕೆ ಬರುತ್ತೆ" ಎಂದಿರಿ. ಅತ್ತೆ, ಹೆಂಗಸರು ವಯಸ್ಸು ಮುಚ್ಚಿಡುವುದನ್ನು ನೋಡಿದ್ದೇನೆ, ಗಂಡಸರು ಕಾಯಿಲೆ ಮುಚ್ಚಿಡುವುದನ್ನು ನೋಡಿದ್ದೇನೆ. ತಲೆ ಎತ್ತಿಕೊಂಡು ಹೀಗೆ ಹೇಳಿದವರನ್ನು ನೋಡಿದ್ದು ಅದೇ ಮೊದಲು. ಆ ಹುಡುಗಿ ಪಕ್ಕಕ್ಕೊಂದು ಕುರ್ಚಿ ಎಳೆದು, "ಹಾಗಾದ್ರೆ ನನ್ನ ಪಕ್ಕದ ಕುರ್ಚೀಲಿ ಕೂತ್ಕೊಂಡು ಮಾಡಿ" ಎಂದಳು.

ದಿನಾ ನಾನೇ ಬಿಟ್ಟು ಕರೆತರುವುದಾದರೆ ಸರಿ ಎಂದು ಇವರೂ ಒಪ್ಪಿದರು. ಆಮೇಲೆ ಕಂಪ್ಯೂಟರ್ ಕಲಿತದ್ದು. ಮೌಸನ್ನು ಪರದೆಗೇ ಒತ್ತಿ ಹಿಡಿದದ್ದನ್ನು ನೀವೇ ಮನೆಗೆ ಬಂದು ಹೇಳಿ ನಗಿಸಿದಿರಿ. ಬೇಸರದಿಂದ ಒಂದು ವಾರ ಹೋಗದೆ ಕೂತದ್ದೂ ಉಂಟು. ಮತ್ತೆ ಹೋದಿರಿ. ಹೆಸರುಗಳು ಜಾರುತ್ತಿದ್ದವು, ಈಗಲೂ ಜಾರುತ್ತವೆ. ಆದರೆ ನೀವು ನಾಚುವುದನ್ನು ಬಿಟ್ಟಿರಿ. "ನಿಮ್ಮ ಹೆಸರು ಕೈತಪ್ಪಿ ಹೋಯ್ತು, ಇನ್ನೊಂದ್ಸಲ ಕೊಡಿ" ಎಂದು ಕೇಳುತ್ತಿದ್ದಿರಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ನಿಮ್ಮ ಫೋನಿನ ಗೆಳೆಯರಲ್ಲಿ ಒಬ್ಬ ಗಡಿಯಾರ ರಿಪೇರಿಯವರಿದ್ದರು. ಮುಂಗೋಪಿ. ಮೊದಲ ದಿನ, "ಬದುಕಿದ್ದೀನಿ, ಇಡಿ" ಎಂದು ಮೊಬೈಲ್ ಕಟ್ ಮಾಡಿದವರು. ನೀವು ಬಿಡಲಿಲ್ಲ. ದಿನಾ ಮಾಡಿದಿರಿ. ನಿಧಾನವಾಗಿ ಅವರ ಸ್ಪ್ರಿಂಗು, ಭೂತಗನ್ನಡಿ, ತಂಗಿಯ ಜೊತೆಗಿನ ಮುನಿಸು ಎಲ್ಲವೂ ನಮ್ಮ ಊಟದ ಮೇಜಿಗೆ ಬಂದವು. ಒಂದು ಬೆಳಿಗ್ಗೆ ಅವರು ಎಂದಿನಂತೆ ಬೈಯದೆ, "ಚೆನ್ನಾಗಿದ್ದೀನಿ" ಎಂದರಂತೆ. ಆ ಪದದ ಅಂಚು ಕರಗಿಹೋಗಿತ್ತು ಎಂದು ನೀವು ಆಮೇಲೆ ಹೇಳಿದಿರಿ. ಇನ್ನೊಂದು ಸಲ ಹೇಳಿಸಿದಿರಿ. ನಾಲಿಗೆ ಎಡವಿತು. ನೀವು ಕೈಯೆತ್ತಿ ಲೈಬ್ರರಿಯನ್‌ಗೆ ಸನ್ನೆ ಮಾಡಿದಿರಿ. ಅವಳು ಆಂಬುಲೆನ್ಸಿಗೆ ಫೋನ್ ಮಾಡಿ, ಪರದೆ ನೋಡಿ ವಿಳಾಸ ಓದತೊಡಗಿದಳು.

"ಅಲ್ಲ, ಅಲ್ಲಿಲ್ಲ ಅವರು!" ಎಂದು ನೀವು ಕೂಗಿದಿರಂತೆ. ಮನೆಯ ಸೂರು ರಿಪೇರಿಗೆಂದು ಕಿತ್ತಿದ್ದಾರೆ, ತಂಗಿ ಊರಿಗೆ ಹೋಗಿದ್ದಾಳೆ, ಅವಳ ಮನೆಯಲ್ಲಿ ಒಬ್ಬನೇ ಇದ್ದೇನೆ ಎಂದು ಅವರು ಯಾವತ್ತೋ ಮಾತಿನ ಮಧ್ಯೆ ಹೇಳಿದ್ದರು. ಈಜುಕೊಳದ ಹಿಂದಿನ ರಸ್ತೆ, ಎದುರಿಗೆ ಸೈಕಲ್ ಅಂಗಡಿ, ನೀಲಿ ಗೇಟು, ಗೇಟು ಎತ್ತಿ ತಳ್ಳಬೇಕು. ಒಂದೂ ತಪ್ಪದೆ ಹೇಳಿದಿರಿ. ಆ ಹೊತ್ತಿನಲ್ಲಿ ಅವರ ಹೆಸರು ಮಾತ್ರ ನಿಮಗೆ ಹೊಳೆಯಲಿಲ್ಲವಂತೆ! ಮತ್ತೆ ಫೋನಿಗೆ ಬಂದು, "ಲೈನಿನಲ್ಲೇ ಇರಿ. ನಾನೂ ಇಲ್ಲೇ ಇದ್ದೀನಿ. ಇಟ್ರೆ ನೋಡಿ ಮತ್ತೆ" ಎಂದು ಗದರಿಸುತ್ತಾ, ಗೇಟು ತೆರೆದ ಸದ್ದು ಕೇಳುವವರೆಗೆ ಮಾತಾಡುತ್ತಲೇ ಇದ್ದಿರಿ.

ಅವರಿಗೆ ಲಕ್ವ ಹೊಡೆದಿತ್ತು, ಆದರೆ ಉಳಿದರು. ಬಲಗೈ ಇನ್ನೂ ಸ್ವಲ್ಪ ಸೋತಿದೆ, ಬೈಗುಳ ಮಾತ್ರ ಪೂರ್ತಿ ವಾಪಸಾಗಿದೆ.

ಇದನ್ನೆಲ್ಲ ನೀವು ಮನೆಯಲ್ಲಿ ಹೇಳಿದ್ದು, "ಇವತ್ತು ಸ್ವಲ್ಪ ಗಡಿಬಿಡಿ ಇತ್ತು" ಎಂದಷ್ಟೇ. ಮರುದಿನ ಲೈಬ್ರರಿಯಿಂದ ಫೋನ್ ಬಂದಾಗಲೇ ನಮಗೆ ಗೊತ್ತಾದದ್ದು. ನಿಮ್ಮ ಮಗ ಫೋನಿಟ್ಟು ಅಡುಗೆಮನೆಗೆ ಬಂದು, ಸುಮ್ಮನೆ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ನಿಂತರು. ಅಳುವುದು ನನಗೆ ಕೇಳಬಾರದೆಂದು. ಆಮೇಲೆ ಹೋಗಿ ಮುಂಬಾಗಿಲಿನ ಕೀಯನ್ನು ನಿಮ್ಮ ಕೈಗೆ ಕೊಟ್ಟು, "ನನಗೆ ಹೆದರಿಕೆ ಆಗಿತ್ತಮ್ಮ" ಎಂದರು. ನೀವು ಅವರ ತಲೆ ಸವರಿ, "ನನಗೂ ಆಗಿತ್ತು ಕಣೋ" ಎಂದಿರಿ.

ಹೋದ ತಿಂಗಳು ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿದರು. ಎಲ್ಲ ಪದಗಳೂ ಬರಲಿಲ್ಲ. ಆದರೆ ಹಿಂದಿಗಿಂತ ಚೆನ್ನಾಗಿತ್ತು. ಮುಂದೆ ಹೇಗೋ ಯಾರಿಗೂ ಗೊತ್ತಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಏನು ಮಾಡಿದ್ರಿ?" ಎಂದು ಕೇಳಿದ್ದಕ್ಕೆ ನೀವು, "ಕಂಡೋರ ತಲೆ ತಿಂದೆ, ನನ್ನ ತಲೆ ಉಳೀತು" ಎಂದಿರಿ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು, ಇವರು ನಮ್ಮ ಅತ್ತೆ ಎಂದು ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ, ಬೀಗಿದೆ ಅಷ್ಟೆ.

ಈಗ ನಿಮ್ಮ ಫೋನಿನ ಗೆಳೆಯರೆಲ್ಲ ಸೇರಿ ಸರೋವರ ನೋಡಲು ಹೊರಟಿದ್ದೀರಿ. ಬರೀ ದನಿ ಕೇಳಿ ಬಲ್ಲವರ ಮುಖಗಳನ್ನು ನಾಳೆ ಬಸ್ಸಿನಲ್ಲಿ ಮೊದಲ ಸಲ ನೋಡುತ್ತೀರಿ. ಜೊತೆಗೆ ನಾವಿಲ್ಲ, ನೀವು ಬೇಡ ಎಂದಿರಿ. ಈ ಕಾಗದವನ್ನು ನಿಮ್ಮ ಸ್ವೆಟರಿನ ಮಡಿಕೆಯಲ್ಲಿ ಇಡುತ್ತೇನೆ. ನಾನು ನಿಮ್ಮಷ್ಟು ದೊಡ್ಡವಳಾದಾಗ ನನ್ನಲ್ಲೂ ಏನಾದರೂ ಸವೆದೀತು. ಆಗ ಏನು ಮಾಡಬೇಕು ಎನ್ನುವುದನ್ನು ನಾನು ನಿಮ್ಮನ್ನು ನೋಡಿ ಕಲಿತಿದ್ದೇನೆ. ನನಗೆ ನಿಮ್ಮಿಂದ ಬಂದ ಆಸ್ತಿ ಅದು.

ಹೋಗಿ ಬನ್ನಿ ಅತ್ತೆ. ಗಾಳಿ ತಣ್ಣಗಿರಲಿ, ಕಾಲು ಗಟ್ಟಿಯಾಗಿರಲಿ, ಪಕ್ಕದಲ್ಲಿ ಕೂತವರು ಮಾತುಗಾರರಾಗಿರಲಿ. ತಲುಪಿದೆ ಎಂದು ನೀವು ಫೋನ್ ಮಾಡದಿದ್ದರೆ ನಾವು ಗಾಬರಿಯಾಗುವುದಿಲ್ಲ. ಮರೆತಿರಿ ಎಂದುಕೊಳ್ಳುವುದಿಲ್ಲ, ಮೈಮರೆತಿರಿ ಎಂದುಕೊಳ್ಳುತ್ತೇವೆ.

ನಿಮ್ಮವಳು ಎನ್ನಲು ಹೆಮ್ಮೆಪಡುವ,
ನಿಮ್ಮ ಸೊಸೆ